ಹೊರಗ ಬೋರ್ಡಿನ್ಯಾಗ 'ಎನ್ಶೂರ್' ತಪ್ಪು, ಒಳಗ ಕಲಿಸಿದ್ದು ಭಾಳ ಚಲೋ: ಟಿಳಕವಾಡಿಯ ಒಂದು ಸ್ಪೋಕನ್ ಇಂಗ್ಲಿಷ್ ಕ್ಲಾಸಿನ ರಿವ್ಯೂ

ಮೊದಲ ಬೋರ್ಡಿಂದನ ಶುರು ಮಾಡ್ತೀನಿ. ಬೆಳಗಾವಿ ಟಿಳಕವಾಡಿ ಒಳಗ ಒಂದ್ ಬಿಲ್ಡಿಂಗ್, ಕೆಳಗ ಝೆರಾಕ್ಸ್ ಅಂಗಡಿ, ಮ್ಯಾಲ ಹೋಗೂ ಮೆಟ್ಟಲ ಬಾಜೂಕ ದೊಡ್ಡ ಫ್ಲೆಕ್ಸ್, ಅದರ ಮ್ಯಾಲ ಟೈ ಹಾಕ್ಕೊಂಡ ಒಬ್ಬಾವ ಕೈ ಕಟ್ಕೊಂಡ್ ನಿಂತಾನ, ಅವನ ತೆಲಿ ಮ್ಯಾಲ 'ವಿ ಎನ್ಶೂರ್ ಯು ಫ್ಲುಯೆಂಟ್ ಇಂಗ್ಲಿಷ್ ಇನ್ 45 ಡೇಸ್' ಅಂತ ಬರದೈತಿ. ನಾ ಅದನ್ನ ಓದಿ ಭಾರಿ ಖುಷಿಲೆ ಮ್ಯಾಲ ಹೋಗಿ ರೊಕ್ಕ ಕಟ್ಟಿ ಬಂದೆ. ಮೂರನೇ ವಾರದಾಗ ಗೊತ್ತಾತು ಆ ಬೋರ್ಡಿನ ಎರಡನೇ ಶಬ್ದನ ತಪ್ಪು ಅಂತ. ಗೊತ್ತು ಮಾಡಿಕೊಟ್ಟವ್ರು ಅದ ಕ್ಲಾಸಿನ ಅಕ್ಕೋರು.

ಕ್ಲಾಸಿನ ಹೆಸರು ಬರ್ಯಾಂಗಿಲ್ಲ, ಕಮೆಂಟಿನ್ಯಾಗ ಕೇಳಬ್ಯಾಡ್ರಿ. ಬೈಯೂದೂ ಐತಿ ಹೊಗಳೂದೂ ಐತಿ, ಹೆಸರು ಹಾಕಿದ್ರ ಮಾಲಕ ಫೋನ್ ಹಚ್ಚತಾನ, ಅದು ನಂಗ ಬ್ಯಾಡ.

ನಾ ಯಾಕ ಸೇರಿದೆ ಅಂದ್ರ, ಉದ್ಯಮಬಾಗದಾಗ ಒಂದ್ ಕಾಸ್ಟಿಂಗ್ ಯುನಿಟಿನ್ಯಾಗ ಡಿಸ್ಪ್ಯಾಚ್ ನೋಡ್ತೀನಿ, ಚಲನ್, ಈ-ವೇ ಬಿಲ್ (ಮಾಲಿನ ಗಾಡಿ ಸಂಗಾಟ ಇರಬೇಕಾದ ಜಿಎಸ್‌ಟಿ ಕಾಗದ), ಟ್ರಾನ್ಸ್‌ಪೋರ್ಟದವ್ರ ಸಂಗಾಟ ಜಗಳ, ಇವೆಲ್ಲಾ ನಂದ ಕೆಲಸ. ಬಿ.ಕಾಂ ಬೈಲಹೊಂಗಲದಾಗ ಕನ್ನಡ ಮೀಡಿಯಂ ಹುಡುಗೂರ ನಡುವ ಕುಂತು ಮುಗಿಸಿದಾಕಿ, ಇಂಗ್ಲಿಷ್ ಓದಿದ್ರ ತಿಳೀತೈತಿ, ಬರಿ ಅಂದ್ರ ಕೈ ನಡಗತೈತಿ. ಪುಣೆಯ ಕಸ್ಟಮರ್ ಒಬ್ರು ಮೇಲ್ ಹಾಕಿದ್ರು, ಮಾಲು ಗುರುವಾರದೊಳಗ ಮುಟ್ಟೂ ಹಂಗ ಎನ್ಶೂರ್ ಮಾಡ್ರಿ ಅಂತ. ನಾ ಅವರ ಶಬ್ದನ ಎತ್ಕೊಂಡು 'ಸರ್, ಐ ಎನ್ಶೂರ್ ಯು' ಅಂತ ಹೊಳ್ಳಿ ಬರದೆ. ಅವತ್ತ ಈ-ವೇ ಬಿಲ್ಲಿನ್ಯಾಗ ಗಾಡಿ ನಂಬರ್ ತಪ್ಪು ಬಿದ್ದು ಲಾರಿ ನಿಂತು, ಗುರುವಾರ ಹೋಗಿ ಶನಿವಾರ ಆತು. ಸಾಹೇಬ್ರು ನನ್ನ ಮೇಲ್ ತಗದು ಎಲ್ಲಾರ ಮುಂದ ಓದಿದ್ರು. "ಯಾರನ್ನ ಎನ್ಶೂರ್ ಮಾಡಿದೆವ್ವಾ ನೀ? ಮಾಲು ಬಿಟ್ಟು ಆ ಮನಶ್ಯಾನ್ನ ಪ್ಯಾಕ್ ಮಾಡಿ ಕಳಿಸಿದೇನು?" ಅಂದ್ರು. ಎಲ್ಲಾರೂ ನಕ್ರು. ನಂಗ ಎಲ್ಲಿ ತಪ್ಪಾತು ಅನ್ನೂದ ತಿಳೀಲಿಲ್ಲ, ಅದ ಸಿಟ್ಟಿನ್ಯಾಗ ಕ್ಲಾಸ್ ಹುಡಕಿದೆ.

ಫೀ ಎರಡು ತಿಂಗಳಿಗೆ 4,500, ಮೊದಲ 3,000 ಕಟ್ಟಸ್ಕೋತಾರ. ಸಂಜಿ ಆರೂವರಿ ಬ್ಯಾಚು. ನಾ ಕೆಲಸ ಬಿಟ್ಟು ಖಾನಾಪುರ ರೋಡಿನ್ಯಾಗ ಬಸ್ ಹಿಡದು ಝೀರೋ ಟಿಕೆಟಿನ ಮ್ಯಾಲ ಬರಾಕಿ, ಹಂಗಾಗಿ ಬಸ್ಸಿನ ಖರ್ಚಿಲ್ಲ. ಬ್ಯಾಚಿಗೆ ಹದಿನೈದ ಮಂದಿ ಅಂತ ಹೇಳಿದ್ರು, ನಾ ಎಣಿಸಿದ ದಿನ ಮೂವತ್ತನಾಕು. ಎರಡು ಫ್ಯಾನಿನ್ಯಾಗ ಒಂದು ಬರೇ ಸಪ್ಪಳ ಮಾಡೂದು, ತಿರಗೂದಿಲ್ಲ. ಗ್ವಾಡಿಗೆ ಒಂದ್ ಚೀಟಿ, 'ಕೈಂಡ್ಲಿ ಎನ್ಶೂರ್ ಟು ಸ್ವಿಚ್ ಆಫ್ ಫ್ಯಾನ್'. ಅದೂ ತಪ್ಪಂತ, ಎನ್ಶೂರ್ ಆದಮ್ಯಾಗ 'ಟು' ಬರಂಗಿಲ್ಲ, 'ದಟ್' ಹಚ್ಚಿ ಪೂರಾ ವಾಕ್ಯ ಬರಬೇಕು, ಇಲ್ಲಾಂದ್ರ ಸೀದಾ ವಸ್ತುವಿನ ಹೆಸರು ಬರಬೇಕು. ಅಂದ್ರ ಆ ಕ್ಲಾಸಿನ್ಯಾಗ ಗ್ವಾಡಿ ಮ್ಯಾಲಿಂದೂ ತಪ್ಪು, ಹೊರಗಿನ ಫ್ಲೆಕ್ಸೂ ತಪ್ಪು, ಅಕ್ಕೋರು ಒಬ್ಬರ ಸರಿ.

ಅಕ್ಕೋರು ಹೈಸ್ಕೂಲಿನ್ಯಾಗ ಕಲಿಸಿ ರಿಟೈರ್ ಆದವ್ರು. ಹತ್ತಿ ಸೀರಿ, ಕೈಯಾಗ ಒಂದ್ ಸ್ಟೀಲ್ ಡಬ್ಬಿ ತುಂಬ ಚಾಕ್ ಪೀಸು. ವಾರಕ್ಕ ಒಂದ ಶಬ್ದ ತಗೋತಾರ, ಒಂದ. ಮೊದಲ ವಾರ ನಂಗ ಇದೇನ್ ಆಟ ಅನಿಸಿತ್ತು, 4,500ಕ್ಕ ಎಂಟ ಶಬ್ದ ಅಂದ್ರ ಒಂದ್ ಶಬ್ದಕ್ಕ ಐದ್ನೂರ ಅರವತ್ತು ರೂಪಾಯಿ ಬಿತ್ತಲ್ಲಪಾ ಅಂತ ಲೆಕ್ಕಾ ಹಾಕಿದ್ದೆ. ಮೂರನೇ ವಾರ ಎನ್ಶೂರ್ ಬಂತು.

ಬೋರ್ಡ್ ಮ್ಯಾಲ ಬರದು, ಇದಕ್ಕ ಕನ್ನಡದಾಗ ಏನಂತೀರಿ ಅಂತ ಕೇಳಿದ್ರು. ಪಿಎಸ್‌ಐ ಪರೀಕ್ಷಾಕ್ಕ ಓದಾಕತ್ತಿದ್ದ ಒಬ್ಬ ಹುಡುಗ ತಟ್ಟನ 'ಖಾತ್ರಿಪಡಿಸು' ಅಂದ. ಅಕ್ಕೋರು, "ಹೌದಪಾ, ಪುಸ್ತಕದಾಗ ಹಂಗ ಐತಿ. ಯಾರ ಮನ್ಯಾಗ ಖಾತ್ರಿಪಡಿಸು ಅಂತಾರ? ನಿಮ್ಮವ್ವ ಒಲಿ ಮ್ಯಾಲ ಹಾಲಿಟ್ಟು ಬಾಜೂ ಮನಿಗೆ ಹೋಗುಮುಂದ ನಿಂಗ ಏನಂತ ಹೇಳಿ ಹೊಕ್ಕಾಳ?" ಅಂದ್ರು. ಹಿಂದಿನ ಬೆಂಚಿನಿಂದ ಯಾರೋ "ಹಾಲು ಉಕ್ಕದಂಗ ನೋಡ್ಕೋ" ಅಂದ್ರು.

"ಹಾಂ, ಅದ ಎನ್ಶೂರ್."

ನಿಜ ಹೇಳ್ತೀನಿ, ಹದಿನೈದು ವರ್ಷ ಇಂಗ್ಲಿಷ್ ಓದೇನಿ, ಯಾರೂ ಹಿಂಗ ಹೇಳಿರಲಿಲ್ಲ. ಆಮ್ಯಾಗ ಅದನ್ನ ಹಿಂಜಿ ಹಿಂಜಿ ತೋರಿಸಿದ್ರು. ನೋಡ್ಕೋ ಅಂದ್ರ ಬರೇ ನೋಡೂದಲ್ಲ, ಹಾಲು ಉಕ್ಕುಮಟಾ ಕಣ್ ಬಿಟ್ಟು ನೋಡ್ಕೋತ ನಿಂತ್ರ ನೀ ನೋಡಿದಿ, ಆದ್ರ ನೋಡ್ಕೊಳ್ಳಿಲ್ಲ. ಉಕ್ಕದ ಇರೂದು ನಿನ್ನ ಕೈಯಾಗ ಬಂತು, ಒಲಿ ಸಣ್ಣ ಮಾಡೂದು, ಚಮಚಾ ಆಡಸೂದು, ಏನರ ಮಾಡು. ಎನ್ಶೂರ್ ಅಂದ್ರ ಕೆಲಸ ಆಗೂ ಹಂಗ ಮಾಡೂದು. ಅದರ ಮುಂದ ಕುಂಡ್ರೂದು ಹಾಲು, ಅವ್ವ ಅಲ್ಲ. ಇನ್ನೊಂದು, 'ಉಕ್ಕದಂಗ' ಅಂತೀವಿ, ಅದರಾಗ ಮುಂದಿನ ಕಾಲ ಕಾಣೂದಿಲ್ಲ, ಇಂಗ್ಲಿಷಿನ್ಯಾಗೂ ಹಂಗ, ಎನ್ಶೂರ್ ದಟ್ ಆದಮ್ಯಾಗ 'ವಿಲ್' ತುರಕಬೇಕಾಗಿಲ್ಲ, 'ದಿ ಮಿಲ್ಕ್ ಡಸ್ ನಾಟ್ ಬಾಯಿಲ್ ಓವರ್' ಸಾಕು. ನಾವು ಎಲ್ಲಾ ಕಡೆ ವಿಲ್ ಹಾಕಿ ಹಾಕಿ ಬರೀತೀವಿ, ನಾನೂ ಹಂಗ ಬರೀತಿದ್ದೆ.

ಈಗ ಅವ್ವ ಬಾಗಲ ತನ ಹೋಗಿ ಹೊಳ್ಳಿ ನೋಡಿ, ನೀ ಮೊಬೈಲ್ ಹಿಡದಿ, ನೆಪ್ಪ ಇರತೈತೋ ಇಲ್ಲೋ ಅಂತಾಳ. ನೀ ಅಂತಿ, "ಏನೂ ಆಗಂಗಿಲ್ಲ ಅವ್ವ, ನಾ ಅದೀನಿ, ನೀ ಹೋಗಿ ಬಾ." ಇದು ಅಶ್ಯೂರ್. ಇಲ್ಲೆ ನೀ ಮಾತಾಡಿದ್ದು ಅವ್ವನ ಸಂಗಾಟ, ಹಾಲಿನ ಸಂಗಾಟ ಅಲ್ಲ. ಅವ್ವನ ಮನಸ್ಸಿಗೆ ಸಮಾಧಾನ ಆತು. ಹಾಲು ಉಕ್ಕಿತೋ ಬಿಟ್ಟೀತೋ ಆ ಮಾತ ಬ್ಯಾರೆ. ಅದಕ್ಕ ಅಶ್ಯೂರ್ ಆದಮ್ಯಾಗ ಒಬ್ಬ ಮನಶ್ಯಾ ಬರಬೇಕು, ಐ ಅಶ್ಯೂರ್ ಯು, ಶಿ ಅಶ್ಯೂರ್ಡ್ ಹರ್ ಮದರ್. ಎನ್ಶೂರ್ ಆದಮ್ಯಾಗ 'ಯು' ಹಾಕಿದಿ ಅಂದ್ರ ಆ ಮನಶ್ಯಾನ್ನ ಒಲಿ ಮ್ಯಾಲ ಇಟ್ಟಂಗ ಆತು. ಸಾಹೇಬ್ರು ಯಾಕ ನಕ್ರು ಅಂತ ನಂಗ ಅವತ್ತ ತಿಳೀತು, ಕುಂತಲ್ಲೇ ಮಾರಿ ಕೆಂಪಾತು.

ಒಬ್ಬಾಕಿ ಕೇಳಿದ್ಲು, ಮತ್ತ ಇನ್ಶೂರ್? ಅಕ್ಕೋರು, "ಹಾಲು ಉಕ್ಕಿ ಹೋದ್ರ ಯಾವನರ ಬಂದು ಅರ್ಧಾ ಲೀಟರ್ ರೊಕ್ಕ ಕೊಡಾವಿದ್ರ ಅದು ಇನ್ಶೂರ್" ಅಂದ್ರು, ಮುಗೀತು.

ಹೇಳೂಮುಂದ ಮಾತ್ರ ಫಜೀತಿ. ಡಿಕ್ಷನರಿ ಒಳಗ ಎನ್ಶೂರ್ ಇನ್ಶೂರ್ ಎರಡಕ್ಕೂ ಹೆಚ್ಚು ಕಡಿಮಿ ಒಂದ ಉಚ್ಚಾರ ಕೊಟ್ಟಾರ, ಎರಡೂ 'ಇನ್' ಅಂತನ ಶುರು ಆಗತಾವ. ನಾವು ಎನ್ ಅನ್ನೂದನ್ನ ಒತ್ತಿ ಒತ್ತಿ ಹೇಳ್ತೀವಿ, ಆ ಕಡಿಯವ್ರು ಹೇಳೂದಿಲ್ಲ. ಹಿಂದ ಒಮ್ಮೆ ಚೆನ್ನೈ ಪಾರ್ಟಿಗೆ ಫೋನಿನ್ಯಾಗ ಕನ್ಸೈನ್ಮೆಂಟ್ ಎನ್ಶೂರ್ ಮಾಡ್ತೀವ್ರಿ ಅಂತ ಇಂಗ್ಲಿಷಿನ್ಯಾಗ ಹೇಳಿದ್ರ ಆ ಮನಶ್ಯಾ ಟ್ರಾನ್ಸಿಟ್ ಇನ್ಸುರೆನ್ಸಿನ ಪಾಲಸಿ ನಂಬರ್ ಕಳಸ್ರಿ ಅಂತ ಗಂಟ ಬಿದ್ದಿದ್ದ, ನಾ ಎಲ್ಲಿಂದ ತರ್ಲಿ. ಫೋನಿನ್ಯಾಗ 'ಮೇಕ್ ಶೂರ್' ಅನ್ರಿ, ಜಗಳನ ಇಲ್ಲ ಅಂದ್ರು ಅಕ್ಕೋರು. ಅದಕ್ಕ ಎರಡು ಮುಖ ಅವ, ಕೀಲಿ ಹಾಕೇತೋ ಇಲ್ಲೋ ಹೋಗಿ ನೋಡಿ ಬರೂದಕ್ಕೂ ಮೇಕ್ ಶೂರ್, ಕೀಲಿ ಬೀಳೂ ಹಂಗ ಮಾಡೂದಕ್ಕೂ ಮೇಕ್ ಶೂರ್. ಎನ್ಶೂರ್ ಹೆಚ್ಚಾಗಿ ಎರಡನೇದ್ದಕ್ಕ. ಬರೇ ತಿಳಕೊಂಡು ಬರೂದಿದ್ರ ಅಸರ್ಟೇನ್ ಅಂತ ಒಂದ್ ಶಬ್ದ ಐತಿ, ಅದನ್ನ ನಮ್ಮಂಥವ್ರು ಬಳಸಿದ್ರ ಮಂದಿ ನಗತಾರ, ಬಿಡ್ರಿ.

ನನ್ನ ಡೌಟ್ ಬ್ಯಾರೆನ ಇತ್ತು. ನಮ್ಮ ಯುನಿಟಿನ್ಯಾಗ ಎರಡು ಕೋಲಿ, ಒಂದರ ಮ್ಯಾಲ ಕ್ಯೂಸಿ, ಅಂದ್ರ ಕ್ವಾಲಿಟಿ ಕಂಟ್ರೋಲ್, ಒಂದರ ಮ್ಯಾಲ ಕ್ಯೂಎ, ಅಂದ್ರ ಕ್ವಾಲಿಟಿ ಅಶ್ಯೂರೆನ್ಸ್. ಕ್ಯೂಸಿ ಹುಡುಗೂರು ವರ್ನಿಯರ್ ಹಿಡದು ಅಳತಿ ತಗೊಂಡು, ಹಾರ್ಡ್‌ನೆಸ್ ನೋಡಿ, ಬ್ಲೋಹೋಲ್ (ಒಳಗ ಗಾಳಿ ಸಿಕ್ಕು ಆದ ತೂತು) ಇದ್ದ ಪೀಸ್ ತಗದು ಬಿಸಾಕ್ತಾರ. ಕ್ಯೂಎದವ್ರು ಏಸಿ ಒಳಗ ಕುಂತು ಫೈಲ್ ಮಾಡ್ತಾರ. ಮಾಲು ಚಲೋ ಇರೂ ಹಂಗ ನೋಡ್ಕೊಳ್ಳಾವ್ರು ಕ್ಯೂಸಿ ಅಲ್ಲೇನ್ರಿ, ಇವರ್ಯಾಕ ಅಶ್ಯೂರೆನ್ಸ್ ಅಂತ ಕೇಳಿದೆ. ಅಕ್ಕೋರು ಇದು ನಂಗೂ ಗೊತ್ತಿಲ್ಲವ್ವಾ ಅಂತ ಸೀದಾ ಹೇಳಿ, ಮರದಿನ ಐಎಸ್ಒ 9000 ಅನ್ನೂ ಗುಣಮಟ್ಟದ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಒಳಗಿನ ವ್ಯಾಖ್ಯಾನ ಬರಕೊಂಡು ಬಂದ್ರು. ಗುಣಮಟ್ಟದ ಬೇಡಿಕಿ ಪೂರೈಸೂದರ ಮ್ಯಾಲ ಗಮನ ಇಡೂದು ಕಂಟ್ರೋಲು, ಅದು ಪೂರೈಸತೈತಿ ಅನ್ನೂ ಭರೋಸಾ ಕೊಡೂದು ಅಶ್ಯೂರೆನ್ಸು. ಅಂದ್ರ ಕ್ಯೂಸಿ ಹಾಲು ನೋಡ್ಕೋತಾರ, ಕ್ಯೂಎ ಅವ್ವಗ ಧೈರ್ಯ ಹೇಳ್ತಾರ! ಮರದಿನ ಕ್ಯಾಂಟೀನಿನ್ಯಾಗ ಇದನ್ನ ಹೇಳಿ ಕ್ಯೂಎದವ್ರ ಕಡೆ ಬೈಸ್ಕೊಂಡೆ. ಪ್ರೊಸೆಸ್ ಕೂಡಸೂದು, ಆಡಿಟ್ ಮಾಡೂದು ಎಲ್ಲಾ ನಮ್ಮದ ಕೆಲಸ, ಬರೇ ಬಾಯಿಮಾತಲ್ಲ ಅಂದ್ರು. ಅದೂ ಖರೇನ, ಹಿಂದ ಕಾಗದ ಇಲ್ಲದ ಭರೋಸಾ ಯಾವ ಕಸ್ಟಮರ್ ತಗೋತಾನ.

ಪಿಎಸ್‌ಐ ಹುಡುಗ ಸುಮ್ಮನ ಕುಂಡ್ರಾವಲ್ಲ. ಸಂವಿಧಾನದ ಪ್ರಸ್ತಾವನೆ ಒಳಗ 'ಅಶ್ಯೂರಿಂಗ್ ದಿ ಡಿಗ್ನಿಟಿ ಆಫ್ ದಿ ಇಂಡಿವಿಜುವಲ್' ಅಂತ ಐತಲ್ರಿ ಅಕ್ಕೋರ, ಡಿಗ್ನಿಟಿ ಏನ್ ಮನಶ್ಯಾನ? ಅಂಬೇಡ್ಕರ್ ಅವರಂಥವ್ರು ಇದ್ದ ಸಭಾದಾಗ ತಪ್ಪಾತೇನು? ಅಂದ. ಕ್ಲಾಸಿಗೆ ಕ್ಲಾಸ ಸುಮ್ಮನಾತು. ಅಕ್ಕೋರು ನಕ್ಕೋತ, ನಾ ಹೇಳಿದ್ದು ಈಗಿನ ರೂಢಿ, ಕಲ್ಲಿನ ಮ್ಯಾಲ ಕೆತ್ತಿದ್ದಲ್ಲ ಅಂದ್ರು. ಎನ್ಶೂರ್, ಅಶ್ಯೂರ್, ಇನ್ಶೂರ್ ಈ ಮೂರೂ ಒಂದ ಮನಿ ಮಕ್ಕಳಂತ, ಬ್ಯಾರೆ ಆಗಿ ಕೆಲಸಾ ಹಂಚಿಕೊಂಡಿದ್ದು ಆಮ್ಯಾಗ. ಅಶ್ಯೂರ್ ಅನ್ನೂದು ಒಂದ್ ಸಂಗತಿಯನ್ನ ಭದ್ರ ಮಾಡೂದು ಅನ್ನೂ ಅರ್ಥದಾಗೂ ನಡದು ಬಂದೈತಿ, ಪ್ರಸ್ತಾವನೆ ಒಳಗ ಇರೂದು ಅದು. ಅಮೆರಿಕಾದವ್ರು 1787ರಾಗ ಬರದ ಸಂವಿಧಾನದ ಪ್ರಸ್ತಾವನೆ ಒಳಗಂತೂ ದೇಶದೊಳಗ ಶಾಂತಿ ಇರೂ ಹಂಗ ನೋಡ್ಕೊಳ್ಳೂದಕ್ಕ 'ಇನ್ಶೂರ್' ಅಂತನ ಹಾಕ್ಯಾರ. ಅವರೇನು ಶಾಂತಿಗೆ ಪ್ರೀಮಿಯಂ ಕಟ್ಟಿದ್ರೇನು? ನೀ ಪರೀಕ್ಷಾದಾಗ ಈಗಿನ ರೂಢಿ ಬರಿ, ಸಂವಿಧಾನ ಓದುಮುಂದ ಅದರ ರೂಢಿ ತಿಳಕೊ ಅಂದ್ರು. ತಮ್ಮ ನಿಯಮಕ್ಕ ತಾವ ಅಡ್ಡ ನಿಂತು ಹಿಂಗ ಹೇಳೂ ಮಾಸ್ತರಗೋಳು ಎಷ್ಟ ಮಂದಿ ಇರ್ತಾರ ಹೇಳ್ರಿ.

ಆ ಮನಿಯ ಮೂಲ ಪುರುಷ ಲ್ಯಾಟಿನ್ನಿನ ಸೆಕ್ಯೂರಸ್ ಅನ್ನೂ ಶಬ್ದ ಅಂತ. 'ಸೆ' ಅಂದ್ರ ಇಲ್ಲದ, 'ಕ್ಯೂರ' ಅಂದ್ರ ಚಿಂತಿ. ಚಿಂತಿ ಇಲ್ಲದ್ದು. ಅಲ್ಲಿಂದ ಫ್ರೆಂಚಿಗೆ ಹೋಗಿ ಸವದು ಸವದು ಇಂಗ್ಲಿಷಿಗೆ ಬಂದು ಶೂರ್ ಆತು. ಆವಾಗ ಅಕ್ಕೋರು ಬೋರ್ಡಿನ ಮ್ಯಾಲ ಕನ್ನಡದಾಗ ಎರಡ ಶಬ್ದ ಬರದ್ರು, ನಿಶ್ಚಿತ, ನಿಶ್ಚಿಂತ. ಚಾಕಿನ ತುದಿಲೆ ನಡುವಿನ ಸೊನ್ನಿ ಮ್ಯಾಲ ಟಕ್ ಟಕ್ ಬಡದು, ನಮ್ಮಲ್ಲಿ ಇವೆರಡೂ ಬ್ಯಾರೆ ಬ್ಯಾರೆ ಬೇರಿನಿಂದ ಬಂದಾವು, ಅವರಲ್ಲಿ ನಿಶ್ಚಿತ ಅನ್ನೂದು ನಿಶ್ಚಿಂತದ ಹೊಟ್ಟಿಲೆ ಹುಟ್ಟೇತಿ ಅಂದ್ರು. ನನ್ನ ಬಾಜೂಕ ಕುಂತಾಕಿಗೆ ಹೋದ ತಿಂಗಳ ನಿಶ್ಚಯ ಆಗಿತ್ತು, ಆಕಿ ಸಣ್ಣ ದನಿಲೆ "ನಿಶ್ಚಯ ಆದಾಗಿಂದ ಚಿಂತಿನ ಹೆಚ್ಚಾಗೇತ್ರಿ ಅಕ್ಕೋರ" ಅಂದ್ಲು. ಹತ್ತ್ ನಿಮಿಷ ಕ್ಲಾಸ್ ನಡೀಲಿಲ್ಲ.

ಮರಾಠಿ ಮಾತಾಡೂ ಹುಡುಗೂರು ಅರ್ಧಾ ಬ್ಯಾಚ್ ಇದ್ರು, ಅವರಿಗೆ ಹಾಲಿನ ಮಾತು ಬ್ಯಾಡಾಗಿತ್ತು, ನಕ್ಕಿ (ಮರಾಠಿಯಾಗ ಪಕ್ಕಾ ಅಂತ) ಅಂದ್ರ ಸಾಕು ತಿಳೀತಿತ್ತು, ಈ ಊರಾಗ ಕನ್ನಡದವ್ರೂ ನಕ್ಕಿ ಬರ್ತೀಯೇನು ಅಂತನ ಕೇಳ್ತೀವಲ್ಲ. ಖಾತ್ರಿನೂ ಇಬ್ಬರಿಗೂ ಸೇರಿದ್ದು. ನಮ್ಮೂರಾಗ ಖಾತ್ರಿ ಅಂದ್ರ ಬದು ಹಾಕಾಕ ಹೋಗೂ ಕೆಲಸ, "ಅವ್ವ ಖಾತ್ರಿಗೆ ಹೋಗ್ಯಾಳ" ಅಂತೀವಿ. 2005ರ ಉದ್ಯೋಗ ಖಾತ್ರಿ ಕಾಯ್ದೆ ಒಳಗ ಕೆಲಸ ಕೇಳಿ ಹದಿನೈದು ದಿನದಾಗ ಕೊಡಲಿಲ್ಲಂದ್ರ ನಿರುದ್ಯೋಗ ಭತ್ಯೆ ಕೊಡಬೇಕು ಅಂತ ಇತ್ತು. ಗ್ಯಾರಂಟಿ ಅನ್ನೂದಕ್ಕ ಅಷ್ಟರ ಹಲ್ಲು ಇರಬೇಕು ಅನ್ನೂದು ನನ್ನ ಅಭಿಪ್ರಾಯ.

ಬ್ಯಾಚಿನ್ಯಾಗ ಒಬ್ರು ಕಾಕಾ ಇದ್ರು, ರಿಟೈರ್ ಆದವ್ರು, ಮಗಳು ಫಾರಿನ್ನಿನ್ಯಾಗ, ಅಲ್ಲಿ ಮೊಮ್ಮಗನ ಜೋಡಿ ಮಾತಾಡಾಕ ಅಂತ ಸೇರಿದ್ರು. ಅವರು ತಮ್ಮ ಎಲ್ಐಸಿ ಬಾಂಡ್ ತಂದು ತೋರಿಸಿದ್ರು, ಇಲ್ಲೆ 'ಸಮ್ ಅಶ್ಯೂರ್ಡ್' ಅಂತ ಐತಲ್ಲ, ಇನ್ಶೂರ್ಡ್ ಯಾಕಿಲ್ಲ ಅಂತ. ಬ್ರಿಟಿಷರ ರೂಢಿಯಂತ ಅದು, ಬೆಂಕಿ ಹತ್ತೂದು ಕಳವಾಗೂದು ಆದ್ರ ಆತು ಇಲ್ಲಾಂದ್ರ ಇಲ್ಲ, ಅದಕ್ಕ ಇನ್ಸುರೆನ್ಸ್. ಸಾವು ಬರೂದು ಮಾತ್ರ ನಕ್ಕಿ, ಯಾವಾಗ ಅನ್ನೂದಷ್ಟ ಗೊತ್ತಿಲ್ಲ, ಅದಕ್ಕ ಲೈಫ್ ಅಶ್ಯೂರೆನ್ಸ್. ಕಾಕಾ ಬಾಂಡ್ ಮಡಚಿ ಚೀಲದಾಗ ಇಟ್ಕೋತ, ಇದು ಒಂದರ ಅಶ್ಯೂರ್ಡ್ ಐತಿ ಅಂದ್ರು. ಯಾಕ್ರಿ ಅಂತ ಕೇಳಿದ್ರ ಒಂದ್ ಸೊಸೈಟಿ ಕಥಿ ಹೇಳಿದ್ರು. ಬ್ಯಾಂಕಿಗಿಂತಾ ಹೆಚ್ಚು ಬಡ್ಡಿ ಅಂತ ರಿಟೈರ್ ರೊಕ್ಕದಾಗ ಒಂದ್ ಪಾಲು ಅಲ್ಲಿ ಇಟ್ಟಾರ, ಚೇರ್ಮನ್ ಚಾ ಕುಡಿಸಿ "ನಿಮ್ಮ ರೊಕ್ಕಕ್ಕ ನಾ ಜವಾಬ್ದಾರ ಕಾಕಾ" ಅಂದಾನ, ಈಗ ಎರಡು ವರ್ಷಾತು ಅಸಲೂ ಇಲ್ಲ ಬಡ್ಡಿನೂ ಇಲ್ಲ. ಬ್ಯಾಂಕಿನ್ಯಾಗ ಇಟ್ಟಿದ್ರ ಡೆಪಾಸಿಟ್ ಇನ್ಸುರೆನ್ಸ್ ಇರತೈತಿ, 2020ರ ಫೆಬ್ರುವರಿಯಿಂದ ಒಂದ್ ಬ್ಯಾಂಕಿನ್ಯಾಗ ಒಬ್ಬರಿಗೆ ಅಸಲು ಬಡ್ಡಿ ಸೇರಿ 5 ಲಕ್ಷದ ತನ, ಅದಕಿಂತ ಮೊದಲ 1 ಲಕ್ಷ ಇತ್ತು. ಸಹಕಾರಿ ಬ್ಯಾಂಕಿಗೂ ಐತಿ. ಆದ್ರ ಕ್ರೆಡಿಟ್ ಸೊಸೈಟಿಗೆ ಇಲ್ಲ. ಎರಡೂ ಕಡೆ ಪಾಸ್‌ಬುಕ್ ಒಂದ ಥರ, ಕೌಂಟರ್ ಒಂದ ಥರ, ನಮ್ಮ ಮಂದಿಗೆ ಫರಕ ತಿಳ್ಯಾಂಗಿಲ್ಲ. ಅಕ್ಕೋರು ಅವತ್ತ ವ್ಯಾಕರಣ ಏನೂ ಹೇಳಲಿಲ್ಲ, ಕಾಕಾರ ವಾಕ್ಯನ ಬೋರ್ಡಿಗೆ ಬರಿಸಿದ್ರು. 'ಹಿ ಅಶ್ಯೂರ್ಡ್ ಮಿ. ಇಟ್ ವಾಸ್ ನಾಟ್ ಇನ್ಶೂರ್ಡ್.' ಕಾಕಾ ತಾವ ಎದ್ದು ಬರದ್ರು, ಕೈಬರಹ ಭಾಳ ಚಂದ.

ಇಷ್ಟು ಹೊಗಳಿ ಆತು, ಈಗ ಮಾಲಕನ ಕಡೆ ಬರೂಣು. ಎರಡನೇ ತಿಂಗಳ ಅಕ್ಕೋರು ವಾರಕ್ಕ ಮೂರ ದಿನ ಅಷ್ಟ, ಉಳದ ದಿನ ಒಬ್ಬ ಸರ್ ಬಂದು ಪರ್ಸನಾಲಿಟಿ ಡೆವಲಪ್‌ಮೆಂಟ್ ಅಂತ ಕನ್ನಡಿ ಮುಂದ ನಿಂತು 'ಐ ಆ್ಯಮ್ ಕಾನ್ಫಿಡೆಂಟ್' ಅಂತ ಹತ್ತು ಸಲ ಅನಸೂದು, ಮೊಬೈಲ್ ಒಳ್ಳೇದೋ ಕೆಟ್ಟದ್ದೋ ಅಂತ ಜಗಳಾ ಹಚ್ಚಿಕೊಟ್ಟು ತಾ ಮೊಬೈಲ್ ನೋಡ್ಕೋತ ಕುಂಡ್ರೂದು. ಸೇರುಮುಂದ ಇದನ್ನ ಯಾರೂ ಹೇಳಿರಲಿಲ್ಲ. ವಾಟ್ಸಾಪಿನ್ಯಾಗ ಕೇಳಿದ್ರ ಮಾಲಕನ ರಿಪ್ಲೈ, 'ರೆಸ್ಟ್ ಅಶ್ಯೂರ್ಡ್ ಮೇಡಂ'. ನನ್ನ ಗೆಳತಿ ಅದನ್ನ ಓದಿ ಇವತ್ತ ಕ್ಲಾಸ್ ರಜಾ ಅಂತ ತಿಳಕೊಂಡು ಮನಿಗೆ ಹೋದ್ಲು! ಇಲ್ಲೆ ರೆಸ್ಟ್ ಅಂದ್ರ ವಿಶ್ರಾಂತಿ ಅಲ್ಲ, ಹಂಗ ಇರ್ರಿ, ಭರೋಸಾದಾಗ ಇರ್ರಿ ಅಂತ. ನಾವು ಇದ್ವಿ, ಏನೂ ಬದಲ ಆಗಲಿಲ್ಲ. ಆ್ಯಪ್ ಕೊಡ್ತೀವಿ ಅಂದಿದ್ರು, ಲಿಂಕ್ ತಗ್ಯಾಂಗಿಲ್ಲ. ಸರ್ಟಿಫಿಕೇಟಿನ್ಯಾಗ ನನ್ನ ಹೆಸರಿನ ಸ್ಪೆಲಿಂಗ್ ತಪ್ಪು, ಸರಿ ಮಾಡಾಕ ನೂರು ರೂಪಾಯಿ ಕೇಳಿದ್ರು, ಕೊಡಲಿಲ್ಲ.

ಕಡೀ ದಿನ ಧೈರ್ಯ ಮಾಡಿ ಫ್ಲೆಕ್ಸಿನ ಬಗ್ಗೆ ಹೇಳಿದೆ. ಸರ್, ಆ ಎನ್ಶೂರ್ ಯು ಅನ್ನೂದು ತಪ್ಪೈತ್ರಿ, ಯು ತಗೀರಿ, ಇಲ್ಲಾ ಅಶ್ಯೂರ್ ಮಾಡ್ರಿ, ನಿಮ್ಮ ಕ್ಲಾಸಿನ್ಯಾಗನ ಕಲ್ತೇನಿ ಅಂದೆ. ಆ ಮನಶ್ಯಾ ತಣ್ಣಗ ಅಂದ, "ಅಕ್ಕೋರು ಎರಡು ವರ್ಷದಿಂದ ಅದನ್ನ ಹೇಳಾಕತ್ಯಾರವ್ವಾ, ಪ್ರಿಂಟ್ ಆಗಿದ್ದು ಆಗೇತಿ. ಮತ್ತ ಅದನ್ನ ನೋಡೇ ನೀವೆಲ್ಲಾ ಬಂದೀರಲ್ಲ." ಇದಕ್ಕ ಏನ್ ಹೇಳೂದು, ಹೌದಲ್ಲ ಅನಿಸಿ ಮೆಟ್ಟಲ ಇಳದೆ.

ಕೊಟ್ಟ ರೊಕ್ಕಕ್ಕ ಮೋಸ ಇಲ್ಲ, ಅಕ್ಕೋರು ಇದ್ದ ದಿನಗೋಳ ಲೆಕ್ಕಕ್ಕ ಅಷ್ಟ. 45 ದಿನದಾಗ ಫ್ಲುಯೆಂಟ್ ಆಗೂದು ಸುಳ್ಳು, ನಾ ಆಗಿಲ್ಲ, ಆದ್ರ ಈಗ ಪುಣೆಗೆ ಮೇಲ್ ಹಾಕುಮುಂದ ಕೈ ನಡಗೂದಿಲ್ಲ, 'ವಿ ವಿಲ್ ಎನ್ಶೂರ್ ದಟ್ ದಿ ಮಟೀರಿಯಲ್ ರೀಚಸ್ ಯು ಬೈ ಫ್ರೈಡೇ' ಅಂತ ಬರೀತೀನಿ, ಬರದ ಮ್ಯಾಲ ಎದ್ದು ಹೋಗಿ ಈ-ವೇ ಬಿಲ್ಲಿನ ಗಾಡಿ ನಂಬರ್ ಇನ್ನೊಮ್ಮೆ ನೋಡ್ತೀನಿ. 5ಕ್ಕ ಮೂರೂವರಿ ಸ್ಟಾರ್, ಮೂರೂ ಅಕ್ಕೋರಿಗೆ, ಅರ್ಧಾ ಕೆಳಗಿನ ಝೆರಾಕ್ಸ್ ಅಂಗಡಿಯವಂಗ, ನೋಟ್ಸ್ ಚಲೋ ತಗದು ಕೊಡ್ತಾನ.

ಸೇರಾವ್ರಿದ್ರ ಎರಡೂ ತಿಂಗಳ ಅಕ್ಕೋರ ಬರ್ತಾರೋ ಇಲ್ಲೋ ಮೊದಲ ಕೇಳ್ರಿ, ಬಾಯಿಲೆ ಹೇಳಿದ್ರ ಬಿಡಬ್ಯಾಡ್ರಿ, ರಸೀದಿ ಮ್ಯಾಲ ಬರಸ್ಕೋರಿ, ಪೂರ್ತಿ ಫೀ ಒಮ್ಮೆ ಕಟ್ಟಬ್ಯಾಡ್ರಿ. ಮುಂದಿನ ಬೆಂಚ್ ಹಿಡೀರಿ, ತಿರಗೂ ಫ್ಯಾನ್ ಅದರ ಮ್ಯಾಲ ಐತಿ. ಮಳಿಗಾಲದಾಗ ಹೋಗಾವ್ರು ಛತ್ರಿ ಒಳಗ ತಗೊಂಡ್ ಕುಂಡ್ರಿ, ಮೆಟ್ಟಲ ಮ್ಯಾಲ ಇಟ್ಟಿದ್ದು ನಂದ ಎರಡು ಹೋಗ್ಯಾವ.